ಕೈ ಮುಗಿದ ಎಮೋಜಿ, ಮಂಗಳವಾರದ ಗಾಡಿ

ಈ ವಾರ ಓದುವ ಭಾಗ: ಯಕೋಬನ ಪತ್ರ, 2ನೇ ಅಧ್ಯಾಯ, 14ರಿಂದ 17ನೇ ವಚನ. ಹಳೆಯ ಅನುವಾದದ ಬೈಬಲ್ ಇಟ್ಟುಕೊಂಡವರು ‘ಯಾಕೋಬನ ಪತ್ರಿಕೆ’ ಅಂತ ಹುಡುಕಿ.

ಗೆಳೆಯರೇ, ನಾಲ್ಕೇ ವಚನ. ಮೆಟ್ರೋದಲ್ಲಿ ಎರಡು ಸ್ಟೇಷನ್ ದಾಟುವಷ್ಟರಲ್ಲಿ ಓದಿ ಮುಗಿಯುತ್ತೆ. ಆದರೆ ಓದಿದ ಮೇಲೆ ಫೋನ್ ಜೇಬಿಗೆ ಹಾಕ್ಕೊಂಡು ಸುಮ್ಮನಿರೋಕೆ ಬಿಡೋ ವಚನಗಳಲ್ಲ ಇವು.

ಯಕೋಬ ಸುತ್ತುಬಳಸಿ ಮಾತಾಡಲ್ಲ. ನಿಮ್ಮ ನಡುವೆಯೇ ಒಬ್ಬರಿಗೆ ಹಾಕಿಕೊಳ್ಳೋಕೆ ಬಟ್ಟೆ ಇಲ್ಲ, ಇವತ್ತಿನ ಊಟಕ್ಕೆ ದಾರಿ ಇಲ್ಲ ಅಂತ ಇಟ್ಕೊಳ್ಳಿ. ನೀವು ಅವರಿಗೆ ಒಳ್ಳೊಳ್ಳೆ ಮಾತಲ್ಲಿ ಶುಭ ಹಾರೈಸಿ ಕಳಿಸಿಕೊಟ್ರಿ. ಆದರೆ ಅವರ ದೇಹಕ್ಕೆ ಬೇಕಾಗಿದ್ದನ್ನು ಮಾತ್ರ ಕೊಡಲಿಲ್ಲ. ಹಾಗಿದ್ರೆ ಆ ಹಾರೈಕೆಯಿಂದ ಯಾರಿಗೆ ಏನು ಬಂತು? ಇದು ಯಕೋಬನ ಪ್ರಶ್ನೆ. ಕೆಲಸವಾಗಿ ಕಾಣದ ನಂಬಿಕೆಯಲ್ಲಿ ಜೀವ ಇಲ್ಲ ಅನ್ನೋದು ಅವನ ತೀರ್ಮಾನ.

ಒಂದು ವಿಷಯ ಗಮನಿಸಿ. ಹಾರೈಸಿದವನು ಕೆಟ್ಟವನು ಅಂತ ಯಕೋಬ ಎಲ್ಲೂ ಹೇಳಲ್ಲ. ಅವನ ಮಾತು ಸುಳ್ಳು ಅಂತಾನೂ ಹೇಳಲ್ಲ. ಅವನಿಗೆ ನಿಜವಾಗ್ಲೂ ಅಯ್ಯೋ ಪಾಪ ಅನ್ನಿಸಿರಬಹುದು. ಆದರೆ ಎದುರಿಗಿದ್ದ ಮನುಷ್ಯ ಬಂದಾಗ ಹೇಗಿದ್ದನೋ, ಹೋಗುವಾಗಲೂ ಹಾಗೇ ಇದ್ದಾನೆ. ಚಳಿ ಹಾಗೇ ಇದೆ, ಹಸಿವು ಹಾಗೇ ಇದೆ.

ನನ್ನ ಹಾಗೆ ಸಾಫ್ಟ್‌ವೇರ್‌ನಲ್ಲಿರೋರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಟಿಕೆಟ್ ಓಪನ್ ಆಗಿದೆ. ಕೆಳಗೆ ನಲವತ್ತು ಕಾಮೆಂಟ್ ಬಂದಿವೆ. ಎಲ್ಲರೂ ‘ತುಂಬಾ ಅರ್ಜೆಂಟ್, ದಯವಿಟ್ಟು ನೋಡಿ’ ಅಂತಲೇ ಬರೆದಿದ್ದಾರೆ. ಅಸೈನಿ ಅನ್ನೋ ಜಾಗ ಮಾತ್ರ ಖಾಲಿ. ಆ ಟಿಕೆಟ್ ಯಾವತ್ತೂ ಕ್ಲೋಸ್ ಆಗಲ್ಲ.

ಈ ಪತ್ರ ಎಲ್ಲರಿಗೂ ಇಷ್ಟವಾಗಿದ್ದೇನೂ ಅಲ್ಲ. ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಮುನ್ನುಡಿಯಲ್ಲಿ ಇದನ್ನು ಒಣಹುಲ್ಲಿಗೆ ಹೋಲಿಸಿದ್ದರು. ಮನುಷ್ಯ ದೇವರ ಮುಂದೆ ನಿಲ್ಲೋದು ನಂಬಿಕೆಯಿಂದ, ತಾನು ಮಾಡಿದ ಕೆಲಸಗಳ ಲೆಕ್ಕದಿಂದ ಅಲ್ಲ ಅಂತ ಸಂತ ಪೌಲ ಹೇಳಿದ್ದಾನಲ್ಲ, ಯಕೋಬ ಅದಕ್ಕೆ ವಿರುದ್ಧ ಮಾತಾಡ್ತಿದ್ದಾನೆ ಅನ್ನೋದು ಅವರ ಚಿಂತೆ. ನನಗೆ ಇಬ್ಬರೂ ಜಗಳ ಆಡ್ತಿದ್ದಾರೆ ಅನ್ನಿಸಲ್ಲ. ಪೌಲ ಬೇರಿನ ಬಗ್ಗೆ ಹೇಳ್ತಾನೆ, ಯಕೋಬ ಕಾಯಿ ಬಿಟ್ಟಿದೆಯಾ ಅಂತ ಕೇಳ್ತಾನೆ. ತೆಂಗಿನ ತೋಟ ಇರೋ ಯಾರನ್ನಾದ್ರೂ ಕೇಳಿ, ಇವೆರಡೂ ಒಂದೇ ಮರದ ವಿಷಯ ಅಂತಾರೆ.

ನಮ್ಮೂರ ಗ್ರೂಪು

ನನ್ನೂರು ಸಿಂಧಘಟ್ಟ, ಕೆ.ಆರ್. ಪೇಟೆ ತಾಲ್ಲೂಕು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನ ಇರೋ ಊರು. ನಮ್ಮದು ಕ್ರೈಸ್ತ ಮನೆ. ಅಮ್ಮ ಇಲ್ಲಿಯವರಲ್ಲ. ಅವರ ತವರು ಹಾಸನ ಜಿಲ್ಲೆಯ ಗೊರೂರು ಕಡೆ, ಹೇಮಾವತಿ ಅಣೆಕಟ್ಟೆಯಲ್ಲಿ ಮುಳುಗಡೆಯಾದ ಊರುಗಳಲ್ಲೊಂದು. ಶೆಟ್ಟಿಹಳ್ಳಿಯಲ್ಲಿ ನೀರಿನ ನಡುವೆ ನಿಂತಿರೋ ಹಳೇ ಚರ್ಚಿನ ಫೋಟೋ ನೀವೂ ನೋಡಿರ್ತೀರಿ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೆ. ನಮಗೆಲ್ಲ ಅದು ರೀಲ್ಸ್ ಮಾಡೋ ಜಾಗ. ಅಮ್ಮನಿಗೆ ಅದು ತವರಿನ ಕಡೆಯ ಗುರುತು.

1979ರಲ್ಲಿ ಆ ಅಣೆಕಟ್ಟು ಮುಗಿಯುವಾಗ ಅಮ್ಮ ಹೈಸ್ಕೂಲು ಹುಡುಗಿ. ಆಮೇಲೆ ಎಎನ್ಎಂ ಟ್ರೈನಿಂಗ್ ಮಾಡಿ, ಸರ್ಕಾರಿ ಕೆಲಸ ಸಿಕ್ಕಿ ಈ ತಾಲ್ಲೂಕಿಗೆ ಬಂದರು. ಅಮ್ಮನ ಊರನ್ನು ಮುಳುಗಿಸಿದ ಅದೇ ಹೇಮಾವತಿಯ ನೀರು ನಾಲೆಯಲ್ಲಿ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೂ ಬರುತ್ತೆ. “ನಮ್ಮೂರು ಹೋಗಿ ಇವರ ಗದ್ದೆ ಆಯ್ತು ಕಣೋ” ಅಂತ ಅಮ್ಮ ಒಂದೊಂದ್ಸಲ ಹೇಳ್ತಾರೆ. ಆ ಮಾತಲ್ಲಿ ಬೇಜಾರಿಲ್ಲ. ಲೆಕ್ಕ ಹೇಳಿದ ಹಾಗೆ ಇರುತ್ತೆ.

ಅಮ್ಮ ರಿಟೈರ್ ಆಗಿದ್ದಾರೆ. ಅಪ್ಪ ಹೋದ ಮೇಲೂ ಊರು ಬಿಡಲಿಲ್ಲ. ಊರವರಿಗೆ ಇವತ್ತಿಗೂ ಅವರು ‘ಸಿಸ್ಟ್ರಮ್ಮ’. ನಾನು ಬೆಂಗಳೂರಲ್ಲಿದ್ದೀನಿ, ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಊರಿಗೆ ಹೋಗ್ತೀನಿ.

ನಮ್ಮ ಬೀದಿಯಲ್ಲಿ ಒಬ್ಬರು ಅಣ್ಣ ಇದ್ದಾರೆ. ನಲವತ್ತೈದು ದಾಟಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಸೇರಿ ಕಿಡ್ನಿ ಹಾಳು ಮಾಡಿದವು. ಕಳೆದ ದೀಪಾವಳಿ ಕಳೆದ ಮೇಲೆ ಡಯಾಲಿಸಿಸ್ ಶುರುವಾಯ್ತು. ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ, ಶನಿವಾರ. ಒಂದೊಂದು ಸಲವೂ ನಾಲ್ಕು ಗಂಟೆ ಮಷೀನ್ ಮುಂದೆ. ಆರೋಗ್ಯವಾಗಿರೋ ಕಿಡ್ನಿ ವಾರದ 168 ಗಂಟೆಯೂ ಮಾಡೋ ಕೆಲಸವನ್ನು ಆ ಮಷೀನು 12 ಗಂಟೆಯಲ್ಲಿ ಮಾಡಬೇಕು. ಅದಕ್ಕೇ ಒಂದು ಸಲ ತಪ್ಪಿಸಿದರೂ ದೇಹ ಸುಮ್ಮನಿರಲ್ಲ. ಹೊರಗೆ ಹೋಗದ ನೀರು ಕಾಲಿಗೆ, ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎದೆ ಬಡಿತವೇ ತಪ್ಪುತ್ತೆ.

ಡಯಾಲಿಸಿಸ್ ಉಚಿತವಾಗಿಯೇ ಸಿಗ್ತಿತ್ತು. ಕಷ್ಟ ಇದ್ದಿದ್ದು ದಾರಿಯಲ್ಲಿ. ಬೆಳಿಗ್ಗೆ ಬಸ್ಸಲ್ಲಿ ಹೋಗೋದು ಹೇಗೋ ಆಗುತ್ತೆ. ಮುಗಿಸಿ ವಾಪಸ್ ಬರುವಾಗ ಬಿ.ಪಿ. ಇಳಿದು ತಲೆ ತಿರುಗುತ್ತೆ, ಬಸ್‌ಸ್ಟ್ಯಾಂಡಲ್ಲಿ ನಿಲ್ಲೋಕೆ ಆಗಲ್ಲ. ಆಟೋ ಮಾಡಿದರೆ ತಿಂಗಳಿಗೆ ಹದಿಮೂರು ಸಲ ಬಾಡಿಗೆ. ಅವರ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಮನೆ ನಡೆಯೋದು ಅವರ ಸಂಬಳದಲ್ಲಿ. ಸಂಕ್ರಾಂತಿ ಹೊತ್ತಿಗೆ ಅಣ್ಣ ವಾರಕ್ಕೆ ಎರಡೇ ಸಲ ಹೋಗೋಕೆ ಶುರು ಮಾಡಿದ್ರು.

ಊರಿನ ವಾಟ್ಸಾಪ್ ಗ್ರೂಪಲ್ಲಿ ಯಾರೋ ಈ ವಿಷಯ ಹಾಕಿದರು. ಅರ್ಧ ಗಂಟೆಯಲ್ಲಿ ಗ್ರೂಪ್ ತುಂಬಾ ಕೈ ಮುಗಿದ ಎಮೋಜಿ. ದೇವರು ಒಳ್ಳೇದು ಮಾಡಲಿ, ಬೇಗ ಹುಷಾರಾಗಲಿ, ಲಕ್ಷ್ಮೀನಾರಾಯಣಸ್ವಾಮಿ ಕಾಪಾಡಲಿ. ನಮ್ಮ ಚರ್ಚಿನ ಗ್ರೂಪಲ್ಲೂ ಹಾಗೇ, ಪ್ರಾರ್ಥಿಸುತ್ತೇವೆ, ಪ್ರಾರ್ಥಿಸುತ್ತೇವೆ. ನಾನು ಇದನ್ನು ಅಮ್ಮನಿಗೆ ಓದಿ ಹೇಳ್ತಿದ್ದೆ. ಅಮ್ಮ ಬೀನ್ಸ್ ಬಿಡಿಸ್ತಾ ಕೂತಿದ್ದರು. “ಕೈ ಮುಗಿದೋರು ಅರವತ್ತು ಜನ ಅಂತೀಯ. ಅದರಲ್ಲಿ ಗಾಡಿ ಇರೋರು ಎಷ್ಟು ಜನ ಅವರೆ ನೋಡು” ಅಂದರು.

ಎಣಿಸಿದೆ. ಕಾರು, ಆಟೋ, ಗೂಡ್ಸ್ ಗಾಡಿ ಎಲ್ಲ ಸೇರಿ ಹದಿನಾಲ್ಕು.

“ಇವತ್ತು ಗಾಡಿ ಹತ್ತಿಸ್ತಾರೆ...”

ಮೊದಲು ಹೋಗಿದ್ದು ನಮ್ಮ ಮನೆಯ ಗಾಡಿಯೇ. ಅಪ್ಪನ ಹಳೇ ಮಾರುತಿ ಕಾರಿದೆ. ಪಕ್ಕದ ಬೀದಿಯ ಹುಡುಗನಿಗೆ ಡ್ರೈವಿಂಗ್ ಬರುತ್ತೆ. ಅಮ್ಮ ಪೆಟ್ರೋಲ್ ಹಾಕಿಸ್ತಿದ್ದರು. ಮೂರು ವಾರ ಚೆನ್ನಾಗೇ ನಡೀತು.

ಆಮೇಲೆ ಅಣ್ಣನ ಸಂಬಂಧಿಕರೊಬ್ಬರು ಅವರ ಮನೆಗೆ ಬಂದು ಕೂತರು. “ಅವರ ಗಾಡೀಲಿ ಯಾಕ್ಲಾ ಹೋಯ್ತೀಯ? ಇವತ್ತು ಗಾಡಿ ಹತ್ತಿಸ್ತಾರೆ, ನಾಳೆ ಚರ್ಚು ಹತ್ತಿಸ್ತಾರೆ.” ಮಾತು ಬೀದಿಗೆ ಬಂತು, ಗ್ರೂಪಿಗೂ ಬಂತು. ‘ಇವರಿಗೆ ಇದರಿಂದ ಏನು ಲಾಭ?’ ಅಂತ ಒಬ್ಬರು ಹಾಕಿದ ಮೆಸೇಜಿಗೆ ಹೆಬ್ಬೆರಳುಗಳೂ ಬಿದ್ದವು. ಗುರುವಾರ ಬೆಳಿಗ್ಗೆ ನಮ್ಮ ಕಾರು ಅವರ ಮನೆ ಮುಂದೆ ನಿಂತಾಗ ಅತ್ತಿಗೆ ಬಾಗಿಲಲ್ಲೇ ನಿಂತು, “ಬ್ಯಾಡ ಕಣಪ್ಪ, ಇವತ್ತು ಅವರಿಗೆ ಆಗಲ್ವಂತೆ” ಅಂತ ಮೆಲ್ಲಗೆ ಹೇಳಿ ಒಳಗೆ ಹೋದರಂತೆ.

ಆ ಗುರುವಾರ ಡಯಾಲಿಸಿಸ್ ಇಲ್ಲ. ಶನಿವಾರವೂ ಇಲ್ಲ. ಭಾನುವಾರ ರಾತ್ರಿ ಅಣ್ಣನಿಗೆ ಉಸಿರು ಕಟ್ಟಿತು. 108 ಬಂದು ಕರಕೊಂಡು ಹೋಯ್ತು. ಬದುಕಿಕೊಂಡರು. ಆದರೆ ಅದು ಕೂದಲೆಳೆಯಲ್ಲಿ ಉಳಿದ ಜೀವ.

ಗೆಳೆಯರೇ, ಇಲ್ಲಿ ನನ್ನ ಮನಸ್ಸಲ್ಲಿ ಎದ್ದ ಪ್ರಶ್ನೆಯನ್ನು ಮುಚ್ಚಿಡದೆ ಹೇಳ್ತೀನಿ. ನಿಮ್ಮಲ್ಲಿ ಕೆಲವರಿಗೂ ಇದು ಬಂದಿರುತ್ತೆ. ನಂಬಿಕೆಯನ್ನು ಕೆಲಸದಲ್ಲಿ ತೋರಿಸು ಅಂತಾನೆ ಯಕೋಬ. ತೋರಿಸಲು ಹೋದರೆ, ನಿನ್ನ ಕೆಲಸದ ಹಿಂದೆ ಏನೋ ಇದೆ ಅಂತಾರೆ ಜನ. ಆಗ ಏನು ಮಾಡೋದು? ಅಷ್ಟು ಅನುಮಾನ ಇದ್ದರೆ ನಮಗ್ಯಾಕೆ ಅಂತ ಸುಮ್ಮನಾಗೋದಾ? ನಮ್ಮ ಒಳ್ಳೇತನ ಸಾಬೀತು ಮಾಡೋಕೆ ಗ್ರೂಪಲ್ಲಿ ವಾದ ಮಾಡೋದಾ? ಎರಡರಲ್ಲೂ ಅಣ್ಣನಿಗೆ ಮಂಗಳವಾರದ ಗಾಡಿ ಸಿಗಲ್ಲ.

ದೊಡ್ಡ ಸ್ವಾಮಿಯವರ ಎರಡು ಲೆಕ್ಕ

ಈ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಕ್ರೈಸ್ತರ ಕಥೆ ಶುರುವಾಗೋದೇ 17ನೇ ಶತಮಾನದ ನಡುವಿನಲ್ಲಿ, ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಮಿ ಬಂದಾಗ. ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಅದಾಗಿ ಸುಮಾರು ನೂರೈವತ್ತು ವರ್ಷದ ಮೇಲೆ ಬಂದ ಇನ್ನೊಬ್ಬರ ಬಗ್ಗೆ.

ಅವರ ಹೆಸರು ಅಬ್ಬೆ ದುಬಾ. ಫ್ರೆಂಚ್ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಯುದ್ಧದಲ್ಲಿ ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದರು. ಇಲ್ಲಿಯವರ ಹಾಗೆ ಬಟ್ಟೆ ತೊಟ್ಟರು, ಮಾಂಸ ಬಿಟ್ಟರು, ಯುರೋಪಿನವರ ಸಹವಾಸದಿಂದ ದೂರ ಇದ್ದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಅಂತ ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನಲ್ಲೇ ಗುರುತಿಸುವ ಚರ್ಚು ಇದೆ.

ಅವರು ಮಾಡಿದ ಕೆಲಸಗಳಲ್ಲಿ ಒಂದು, ಸಿಡುಬಿನ ಲಸಿಕೆ. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ತನ್ನ ಪ್ರಯೋಗದ ವರದಿ ಪ್ರಕಟಿಸಿದ್ದು 1798ರಲ್ಲಿ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ. ಆಗ ಫ್ರಿಜ್ ಇಲ್ಲ, ಐಸ್ ಬಾಕ್ಸ್ ಇಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ದ್ರವ ತೆಗೆದು, ವಾರ ಎಂಟು ದಿನದಲ್ಲಿ ಇನ್ನೊಬ್ಬರ ತೋಳಿಗೆ ಹಾಕಬೇಕು. ತೋಳಿಂದ ತೋಳಿಗೆ ಲಸಿಕೆ ಸಾಗಬೇಕು. ಎಲ್ಲೋ ಒಂದು ಕಡೆ ಯಾರೋ ಒಬ್ಬರು ತೋಳು ಕೊಡಲ್ಲ ಅಂದರೆ ಸರಪಳಿ ಅಲ್ಲಿಗೇ ಕಡಿಯಿತು.

ಅಂಥ ಕಾಲದಲ್ಲಿ, ಮನೆಗೆ ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಅಂತ ಬೇವಿನಸೊಪ್ಪು ಕಟ್ಟುತ್ತಿದ್ದ ನಾಡಲ್ಲಿ, ಪರದೇಶದ ಪಾದ್ರಿಯೊಬ್ಬ ಮಕ್ಕಳ ತೋಳಿಗೆ ಗಾಯ ಮಾಡ್ತೀನಿ ಅಂತ ಬಂದರೆ ಎಷ್ಟು ಅನುಮಾನ ಬಂದಿರಬೇಡ! ಆದರೂ 1803–04ರ ಸುಮಾರಿಗೆ ಅವರ ಉಸ್ತುವಾರಿಯಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಬಿತ್ತು. ಅದರಲ್ಲಿ ಕ್ರೈಸ್ತರು ಒಂದು ಹಿಡಿ. ಮಿಕ್ಕವರೆಲ್ಲ ಊರಿನ ಜನ. ಮೈಸೂರು ಅರಮನೆಯೂ ಲಸಿಕೆಯ ಪರ ನಿಂತಿತ್ತು. ಥಾಮಸ್ ಹಿಕಿ 1805ರಲ್ಲಿ ಬರೆದ ಮೈಸೂರು ರಾಣಿಯರ ಚಿತ್ರವನ್ನು ಲಸಿಕೆಯ ಪ್ರಚಾರಕ್ಕೇ ಬರೆಸಿದ್ದು ಅಂತ ಇತಿಹಾಸಕಾರರು ಹೇಳ್ತಾರೆ.

ಇನ್ನೊಂದು ಲೆಕ್ಕ ನೋಡಿ. ದುಬಾ 1823ರಲ್ಲಿ ಊರಿಗೆ ವಾಪಸ್ ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಮನಸ್ಸು ಬಿಚ್ಚಿ ಬರೆದಿದ್ದಾರೆ: ಇಷ್ಟು ವರ್ಷದಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ, ಅದರಲ್ಲೂ ಮನಸಾರೆ ಬಂದವರು ಬಹಳ ಕಡಿಮೆ. ಮಿಷನರಿಯಾಗಿ ತಾವು ಸೋತೆವು ಅನ್ನೋ ಧಾಟಿಯ ಪತ್ರಗಳು ಅವು. ಆಮೇಲೆ ಪ್ಯಾರಿಸ್ಸಿನಲ್ಲಿದ್ದು 1848ರಲ್ಲಿ ತೀರಿಕೊಂಡರು.

ಅವರನ್ನು ನಾನು ದೊಡ್ಡ ಸಂತ ಅಂತ ಕೂರಿಸೋಕೆ ಹೊರಟಿಲ್ಲ. ಹಿಂದೂಗಳ ಆಚಾರ ವಿಚಾರದ ಬಗ್ಗೆ ಅವರ ಹೆಸರಲ್ಲಿ ಬಂದ ಪ್ರಸಿದ್ಧ ಪುಸ್ತಕದಲ್ಲಿ ಇವತ್ತು ಓದಿದರೆ ಮುಜುಗರವಾಗೋ ಮಾತುಗಳು ಎಷ್ಟೋ ಇವೆ. ಅದರ ದೊಡ್ಡ ಭಾಗ ಕೂರ್ದು ಎಂಬ ಹಿಂದಿನ ಪಾದ್ರಿಯ ಬರಹದಿಂದ ಬಂದದ್ದು ಅಂತ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಮನುಷ್ಯ ಅಂದರೆ ಎಲ್ಲ ಸೇರಿಯೇ.

ನನಗೆ ಮುಖ್ಯ ಅನ್ನಿಸೋದು ಆ ಎರಡು ಅಂಕಿಗಳು. ಅವರು ತಮ್ಮ ಜೀವನವನ್ನು ಅಳೆದಿದ್ದು ಇನ್ನೂರು ಮುನ್ನೂರರ ಲೆಕ್ಕದಲ್ಲಿ. ನಮ್ಮ ಆಫೀಸಿನ ಭಾಷೆಯಲ್ಲಿ ಅದೇ ಅವರ ಕೆಪಿಐ. ಆದರೆ ಆ ಎಂಟನೇ ದಿನದ ಗುಳ್ಳೆಗೆ ತೋಳು ಕೊಟ್ಟು ಬದುಕಿಕೊಂಡ ಮಕ್ಕಳು, ಅವರ ಮಕ್ಕಳು, ಮೊಮ್ಮಕ್ಕಳು ಈ ಮಂಡ್ಯ, ಮೈಸೂರು ಸೀಮೆಯಲ್ಲಿ ಎಷ್ಟು ಸಾವಿರ ಇರಬಹುದು? ಅವರಿಗೆ ದುಬಾ ಹೆಸರೂ ಗೊತ್ತಿಲ್ಲ. ಗೊತ್ತಿರಬೇಕಾಗೂ ಇಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡಿದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ಅದು ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಯಕೋಬ ಕೇಳಿದ ಪ್ರಶ್ನೆಗೆ, ‘ದೇಹಕ್ಕೆ ಬೇಕಾದ್ದು ಕೊಟ್ಟೆಯಾ’ ಅನ್ನೋದಕ್ಕೆ, ಉತ್ತರ ಎರಡನೇ ಅಂಕಿಯಲ್ಲಿದೆ.

ಡೈರಿಯ ಗೋಡೆ

ಈಗ ನಮ್ಮೂರಿಗೆ ಬರೋಣ. ಅಮ್ಮನಿಗೆ ದುಬಾ ಕಥೆ ಗೊತ್ತಿಲ್ಲ. ಆದರೆ ಅವರದೂ ಸೂಜಿಯ ಬದುಕೇ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗಿಂದ ಹೆಗಲಿಗೆ ಲಸಿಕೆಯ ಡಬ್ಬಿ ನೇತುಹಾಕಿಕೊಂಡು ಮನೆಮನೆ ತಿರುಗಿದವರು. ಹನಿ ಹಾಕಿದರೆ ಮಕ್ಕಳಾಗಲ್ಲ ಅಂತ ಗಾಳಿಮಾತು ಹಬ್ಬಿದಾಗ ಬಾಗಿಲು ಹಾಕಿಸಿಕೊಂಡವರು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆ ಆದಾಗ, ಟಿ.ವಿ. ನೋಡಿ “ಸದ್ಯ” ಅಂದಿದ್ದರು ಅಷ್ಟೇ.

ಬಾಗಿಲು ಹಾಕಿದ ಮನೆ ಮುಂದೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಆ ಮನೆಯವರು ನಂಬೋ ಇನ್ನೊಬ್ಬರನ್ನು ಕರಕೊಂಡು ಬರಬೇಕು. ಅಣ್ಣ ಆಸ್ಪತ್ರೆಯಲ್ಲಿದ್ದಾಗ, ಸೋಮವಾರ ಬೆಳಿಗ್ಗೆ ಅಮ್ಮ ಹಾಲಿನ ಡೈರಿಗೆ ಹೋದರು. ನಮ್ಮೂರಲ್ಲಿ ಎಲ್ಲ ಜಾತಿ, ಎಲ್ಲ ಪಾರ್ಟಿಯವರೂ ದಿನಕ್ಕೆರಡು ಸಲ ಒಂದೇ ಸಾಲಲ್ಲಿ ನಿಲ್ಲೋ ಜಾಗ ಅದೊಂದೇ. ಡೈರಿ ಸೆಕ್ರೆಟರಿಗೆ ಅಮ್ಮ ಹೇಳಿದ್ದು ಇಷ್ಟೇ: “ನಮ್ಮ ಗಾಡಿ ಬೇಡ ಅಂದ್ರೆ ಬೇಡ ಕಣಪ್ಪ. ಆದ್ರೆ ಯಾವುದಾದ್ರೂ ಒಂದು ಗಾಡಿ ಹೋಗ್ಲೇಬೇಕು. ಲಿಸ್ಟು ನೀನು ಮಾಡು.”

ಸೆಕ್ರೆಟರಿ ಮಾಡಿದರು. ಡೈರಿಯ ಗೋಡೆಗೆ ಒಂದು ಹಾಳೆ ಅಂಟಿಸಿದರು. ಆರು ಹೆಸರು. ಅರ್ಚಕರ ಮಗ, ಆಟೋ ಓಡಿಸೋ ಮುಸ್ಲಿಂ ಭಾಯಿ, ಎಳನೀರು ವ್ಯಾಪಾರದ ಗೂಡ್ಸ್ ಗಾಡಿಯವರು, ಇನ್ನಿಬ್ಬರು ರೈತರು. ಆರನೆಯದು ನನ್ನ ಹೆಸರು. ಕೊನೆಯಲ್ಲೇ ಇರಲಿ ಅಂತ ಅಮ್ಮನೇ ಹೇಳಿದ್ದರು. ತಿಂಗಳಿಗೆ ಹದಿಮೂರು ಸರದಿ, ಆರು ಜನ. ಒಬ್ಬೊಬ್ಬರಿಗೆ ಎರಡು ಸಲ ಬರುತ್ತೆ, ಒಬ್ಬರಿಗೆ ಮಾತ್ರ ಮೂರು. ಹದಿಮೂರು ಅಂದಾಗ ಬೆಟ್ಟದ ಹಾಗೆ ಕಂಡದ್ದು, ಎರಡು ಅಂದಾಗ ಯಾರಿಗೂ ಭಾರ ಅನ್ನಿಸಲಿಲ್ಲ. ಪೆಟ್ರೋಲಿಗೆ ಗ್ರೂಪಲ್ಲಿ ಕೈ ಮುಗಿದಿದ್ದವರ ಹತ್ತಿರ ತಿಂಗಳಿಗೆ ನೂರು ನೂರು ರೂಪಾಯಿ. ಆ ದುಡ್ಡಿನ ಲೆಕ್ಕವೂ ಡೈರಿಯ ಗೋಡೆಯಲ್ಲೇ.

ನನ್ನದು ತಿಂಗಳಿಗೆ ಎರಡು ಶನಿವಾರ. ಶುಕ್ರವಾರ ಆಫೀಸ್ ಮುಗಿಸಿ ರಾತ್ರಿ ಬಸ್ ಹತ್ತುತ್ತೀನಿ. ಶುರುವಿನಲ್ಲಿ ಅಣ್ಣ ನಮ್ಮ ಕಾರಿಗೆ ಹತ್ತಲು ಒಪ್ಪಲಿಲ್ಲ. ಮೊದಲ ಎರಡು ಶನಿವಾರ ನಾನು ಆಟೋ ಭಾಯಿಯ ಆಟೋದಲ್ಲಿ ಜೊತೆಗೆ ಹೋದೆ. ಮೂರನೇ ಸಲ ಅವರೇ “ಕಾರ್ ತತ್ತೀಯಾ ಮಗಾ, ಆಟೋದಲ್ಲಿ ಸೊಂಟ ನೋಯ್ತದೆ” ಅಂದರು. ಕಾರಲ್ಲಿ ನಾವು ಕ್ರಿಕೆಟ್ ಮಾತಾಡ್ತೀವಿ, ಕಬ್ಬಿನ ರೇಟ್ ಮಾತಾಡ್ತೀವಿ. ದೇವರ ವಿಷಯ ನಾನು ಎತ್ತಲ್ಲ. ಅವರು ಎತ್ತಿದರೆ ಕೇಳಿಸ್ಕೋತೀನಿ. ಒಂದು ಸಲ “ನಿಮ್ ದೇವ್ರು ಇದನ್ನೆಲ್ಲ ಮಾಡು ಅಂತಾನಾ?” ಅಂತ ಕೇಳಿದರು. “ಹೂಂ ಅಣ್ಣ” ಅಂದೆ. “ನಮ್ ದೇವ್ರೂ ಅಂಗೇ ಅಂತಾನೆ, ನಾವೇ ಕೇಳಲ್ಲ” ಅಂತ ನಕ್ಕರು.

ನಂಬಿಕೆಯ ಹೆಸರು ಹೇಳದೇ ಮಾಡಿದ ಕೆಲಸ ಸಾಕ್ಷಿ ಆಗುತ್ತಾ ಅಂತ ಚರ್ಚಿನ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ಕೊಡುವಾಗ ಒಂದು ಕೈ ಮಾಡಿದ್ದು ಇನ್ನೊಂದು ಕೈಗೂ ಗೊತ್ತಾಗದಿರಲಿ ಅನ್ನೋ ಅರ್ಥದ ಬೋಧನೆ ಇದೆ. ಯೇಸುಸ್ವಾಮಿ ಅದಕ್ಕೆ ಯಾವ ಷರತ್ತನ್ನೂ ಹಾಕಿಲ್ಲ. ಇನ್ನೊಬ್ಬರ ಅನುಮಾನದ ಮುಂದೆ ನಾವು ಹಿಂದಕ್ಕೆ ಸರಿದು, ಕೆಲಸ ಮಾತ್ರ ಮುಂದಕ್ಕೆ ಹೋಗೋ ಹಾಗೆ ನೋಡಿಕೊಂಡರೆ, ಅದರಲ್ಲಿ ನಂಬಿಕೆಗೆ ಅವಮಾನ ಆಗಲ್ಲ. ನಮ್ಮ ಹೆಮ್ಮೆಗೆ ಸ್ವಲ್ಪ ಆಗಬಹುದು. ಆಗಲಿ ಬಿಡಿ.

ಎಳನೀರು ಬೇಡ

ಯಕೋಬನ ಮಾತಲ್ಲಿ ಸುಲಭಕ್ಕೆ ಕಣ್ಣು ತಪ್ಪಿಸಿಬಿಡೋ ಒಂದು ಅಂಶ ಇದೆ. ಅವನು ಕೇಳೋದು ‘ಏನಾದ್ರೂ ಕೊಟ್ಟೆಯಾ’ ಅಂತ ಅಲ್ಲ. ದೇಹಕ್ಕೆ ಬೇಕಾದ್ದನ್ನು ಕೊಟ್ಟೆಯಾ ಅಂತ. ಬೇಕಾದ್ದು ಏನು ಅಂತ ಗೊತ್ತಾಗಬೇಕಾದ್ರೆ ಕೇಳಬೇಕು.

ನಮ್ಮ ಕಡೆ ಯಾರಿಗಾದ್ರೂ ಹುಷಾರಿಲ್ಲ ಅಂದರೆ ಎಳನೀರು, ಬಾಳೆಹಣ್ಣು ಹಿಡಿದೇ ಹೋಗೋದು. ಅಣ್ಣ ಆಸ್ಪತ್ರೆಯಿಂದ ಬಂದಾಗ ಅವರ ಜಗುಲಿಯ ಮೇಲೆ ಎಳನೀರಿನ ಗೊನೆಯೇ ಬಿದ್ದಿತ್ತು. ಎಲ್ಲ ಪ್ರೀತಿಯಿಂದ ತಂದದ್ದು. ಆದರೆ ಎಳನೀರಿನಲ್ಲೂ ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದವರಿಗೆ ಅದು ಅಪಾಯ. ನೀರಿಗೂ ಅಳತೆ ಇರುತ್ತೆ. ಅಮ್ಮ ಹೋಗಿ ಎಲ್ಲ ಎತ್ತಿಸಿ, “ಇವರಿಗೆ ಯಾರೂ ಎಳನೀರು ತರಬೇಡಿ, ತರೋದಾದ್ರೆ ಮಗುವಿನ ಸ್ಕೂಲ್ ಪುಸ್ತಕ ತನ್ನಿ” ಅಂತ ಹೇಳಿ ಬಂದರು.

ಅಂದರೆ ಬರೀ ಕೆಲಸ ಮಾಡಿದರೂ ಸಾಲದು. ನಮಗೆ ಕೊಡೋಕೆ ಖುಷಿ ಆಗೋದು ಒಂದು, ಅವರಿಗೆ ಬೇಕಾಗಿರೋದು ಇನ್ನೊಂದು ಇರಬಹುದು. ಲೇಆಫ್ ಆದ ಗೆಳೆಯನಿಗೆ ಮೋಟಿವೇಶನ್ ವೀಡಿಯೋ ಕಳಿಸ್ತೀವಿ. ಅವನಿಗೆ ಬೇಕಾಗಿದ್ದು ಒಂದು ರೆಫರಲ್, ಅಥವಾ ಮುಂದಿನ ತಿಂಗಳ ಬಾಡಿಗೆ. ಮಗು ಹೆತ್ತ ಸಹೋದ್ಯೋಗಿಗೆ ಆರನೇ ಸ್ವೆಟರ್ ಕೊಡ್ತೀವಿ. ಅವರಿಗೆ ಬೇಕಾಗಿದ್ದು ಎರಡು ಗಂಟೆ ನಿದ್ದೆ.

ಅಣ್ಣ ಹುಷಾರಾದರಾ ಅಂತ ನೀವು ಕೇಳಬಹುದು. ಇಲ್ಲ. ಕಿಡ್ನಿ ವಾಪಸ್ ಬರಲ್ಲ. ಯಾವ ಪವಾಡವೂ ನಡೆದಿಲ್ಲ. ಆ ಸಂಬಂಧಿಕರೂ ನಮ್ಮ ಮನೆಗೆ ಇನ್ನೂ ಬಂದಿಲ್ಲ. ಆದರೆ ಹಾಳೆ ಅಂಟಿಸಿದ ಮೇಲೆ ಈವರೆಗೆ ಒಂದು ಡಯಾ­ಲಿಸಿಸ್ಸೂ ತಪ್ಪಿಲ್ಲ. ಒಂದು ಸಲ ಜೋರು ಮಳೆ, ಒಂದು ಸಲ ಊರಹಬ್ಬ, ಒಂದು ಸಲ ನನ್ನ ಪ್ರಾಡಕ್ಷನ್ ರಿಲೀಸ್. ಮೂರು ಸಲವೂ ಲಿಸ್ಟಲ್ಲಿದ್ದ ಇನ್ನೊಬ್ಬರು ಹೋದರು. ಅದೂ ತೋಳಿಂದ ತೋಳಿಗೆ ಸಾಗೋ ಸರಪಳಿಯೇ.

ಹಾಗಂತ ಪ್ರಾರ್ಥನೆ ಬೇಡ ಅಂತ ನಾನು ಹೇಳ್ತಿಲ್ಲ. ಅಮ್ಮ ಈಗಲೂ ದಿನಾ ರಾತ್ರಿ ಜಪಸರ ಹಿಡಿದಾಗ ಅಣ್ಣನ ಹೆಸರು ಹೇಳ್ತಾರೆ. ಪ್ರಾರ್ಥನೆ ಮಾಡೋರಿಗೆ ಒಂದು ಲಾಭ ಇದೆ: ದಿನಾ ಒಬ್ಬರ ಹೆಸರು ಹೇಳಿದರೆ ಅವರನ್ನು ಮರೆಯೋಕೆ ಆಗಲ್ಲ. ಎದ್ದು ಗಾಡಿ ತೆಗೆಯೋ ಶಕ್ತಿ ಅಲ್ಲಿಂದಲೇ ಬರುತ್ತೆ. ಪೌಲ ಹೇಳಿದ ಬೇರು ಅದು.

ಈ ವಾರ ಮಾಡಿ ನೋಡಿ

ಸೋಮವಾರ: ನಾಲ್ಕು ವಚನಗಳನ್ನು ನಿಧಾನವಾಗಿ ಎರಡು ಸಲ ಓದಿ. ನಿಮ್ಮ ಫೋನಲ್ಲಿ ಕಳೆದ ತಿಂಗಳು ಕೈ ಮುಗಿದ ಎಮೋಜಿ ಬಂದ ಒಂದು ಕಷ್ಟದ ಸುದ್ದಿ ಹುಡುಕಿ.

ಮಂಗಳವಾರ: ಆ ಮನೆಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಮಾಡಿ. ‘ಏನಾದ್ರೂ ಬೇಕಾದ್ರೆ ಹೇಳಿ’ ಅಂದರೆ ಯಾರೂ ಹೇಳಲ್ಲ. ‘ಶನಿವಾರ ಬೆಳಿಗ್ಗೆ ನನಗೆ ಬಿಡುವಿದೆ, ಆಸ್ಪತ್ರೆಗೋ ಬ್ಯಾಂಕಿಗೋ ಹೋಗೋದಿದ್ರೆ ಬರ್ತೀನಿ’ ಅನ್ನಿ.

ಬುಧವಾರ: ಕೆಲಸ ದೊಡ್ಡದು ಅನ್ನಿಸಿದರೆ ಭಾಗ ಮಾಡಿ. ಹದಿಮೂರನ್ನು ಆರು ಜನ ಹಂಚಿಕೊಂಡ ಹಾಗೆ. ನಿಮ್ಮ ಧರ್ಮದವರೇ ಆಗಬೇಕಿಲ್ಲ, ಆಗದಿದ್ದರೇ ಒಳ್ಳೇದು.

ಗುರುವಾರದಿಂದ ಶನಿವಾರದವರೆಗೆ: ನಿಮ್ಮ ಪಾಲಿನದ್ದನ್ನು ಮಾಡಿ ಬನ್ನಿ. ಸ್ಟೇಟಸ್ ಹಾಕಬೇಡಿ.

ಭಾನುವಾರ: ಅವರ ಹೆಸರು ಹೇಳಿ ಪ್ರಾರ್ಥಿಸಿ.

ಪ್ರಾರ್ಥನೆ

ಸ್ವಾಮಿ, ನಮ್ಮ ಬಾಯಲ್ಲಿ ಒಳ್ಳೆ ಮಾತು ಕೊಟ್ಟಿದ್ದೀಯ, ಅದಕ್ಕೆ ಕೈಕಾಲನ್ನೂ ಕೊಡು. ಬಾಗಿಲು ಹಾಕಿದವರ ಮೇಲೆ ಸಿಟ್ಟು ಬಾರದಿರಲಿ. ನಮ್ಮ ಹೆಸರು ಲಿಸ್ಟಿನ ಕೊನೆಯಲ್ಲಿದ್ದರೂ ನಮ್ಮ ಸರದಿ ತಪ್ಪದಿರಲಿ. ಈ ಹೊತ್ತು ಮಷೀನಿನ ಮುಂದೆ ಮಲಗಿರೋ ಎಲ್ಲರನ್ನೂ, ಅವರನ್ನು ಹೊರಗೆ ಕಾಯ್ತಾ ಕೂತವರನ್ನೂ ನೋಡಿಕೋ. ಆಮೆನ್.